ಎತ್ತಿದ ಕೈ

ಮೊನ್ನೆ ಸುಣ್ಣ ಹಚ್ಚಲು ಬಂದವನು ಹಿತ್ತಲ ಗೋಡೆಯ ಮುಂದೆ ಕುಂಚ ಹಿಡಿದು ನಿಂತು, "ಅಮ್ಮಾರ, ಈ ಗೆರಿ ಅಳಿಸಿಬಿಡ್ಲೇನ್ರೀ? ಹುಡುಗರು ಬೆಳದದ್ದು ಗುರ್ತು ಹಾಕೀರೇನು?" ಎಂದು ಕೇಳಿದ.

ಗೋಡೆಯ ಮೇಲೆ ಇದ್ದಿಲಿನ ಗೆರೆಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಇವೆ. ಎಲ್ಲಕ್ಕಿಂತ ಕೆಳಗಿನದು ನನ್ನ ಸೊಂಟದಷ್ಟು ಎತ್ತರದಲ್ಲಿದೆ. ಎಲ್ಲಕ್ಕಿಂತ ಮೇಲೆ ಒಂದೇ ಒಂದು ಕೆಮ್ಮಣ್ಣಿನ ಗೆರೆ. ಅದನ್ನು ಮುಟ್ಟಬೇಕಾದರೆ ನಾನು ಕೈ ಪೂರಾ ಚಾಚಬೇಕು. ಬೆಳೆದದ್ದರ ಗುರುತು ಎಂಬುದು ನಿಜ. ಆದರೆ ಬೆಳೆದದ್ದು ಹುಡುಗರಲ್ಲ, ಅರವತ್ತು ದಾಟಿದ ಒಬ್ಬ ಹೆಣ್ಣುಮಗಳ ಬಲಗೈ.

"ಆ ಗೋಡಿ ಬಿಟ್ಟು ಉಳಿದದ್ದಕ್ಕ ಹಚ್ಚಪಾ," ಎಂದೆ.

ರಾಯಚೂರಿನ ನಮ್ಮ ವಾಡೆಯಲ್ಲಿ ಎಲ್ಲರೂ ಆ ಹೆಣ್ಣುಮಗಳನ್ನು ಕಾಕು ಎನ್ನುತ್ತಿದ್ದರು. ಕಾಕು ಎಂದರೆ ಚಿಕ್ಕಪ್ಪನ ಹೆಂಡತಿ. ಯಾರ ಚಿಕ್ಕಪ್ಪ ಎಂದು ಯಾರೂ ಕೇಳಲಿಲ್ಲ. ನಮ್ಮ ಅತ್ತೆಗೆ ದೂರದ ಸಂಬಂಧ. ಎರಡನೆಯ ಮಹಾಯುದ್ಧದ ಕಾಲ, ಸೀಮೆಎಣ್ಣೆಗೆ ಸಾಲುಗಟ್ಟುವ ದಿನಗಳು. ಆಗ ಅವರು ದೇವದುರ್ಗದಿಂದ ಒಂದು ಬಟ್ಟೆಗಂಟು, ಒಂದು ತಾಮ್ರದ ಚೊಂಬು ಹಿಡಿದು, ಬಲಗೈಯನ್ನು ಜೋಳಿಗೆಯಂತೆ ಕೊರಳಿಗೆ ಕಟ್ಟಿಕೊಂಡು ಬಂದು ನಮ್ಮ ಹಿತ್ತಲ ಕೋಣೆಯಲ್ಲಿ ಉಳಿದರು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಕೆಂಪು ಸೀರೆ, ತಲೆಯ ಮೇಲೆ ಬಿಗಿಯಾದ ಸೆರಗು, ಕಿವಿಯ ಹಿಂದೆ ಸದಾ ಒಂದು ತುಳಸಿ ಎಲೆ. ಜೋಳಿಗೆ ಬಿಚ್ಚಿದ ಮೇಲೂ ಎಡಗೈಯಿಂದ ಬಲ ಮೊಣಕೈ ಆನಿಸಿ ಹಿಡಿದು ನಡೆಯುತ್ತಿದ್ದರು, ಯಾರದೋ ಕೂಸನ್ನು ಹೊತ್ತ ಹಾಗೆ.

ನಾನಾಗ ಹೊಸದಾಗಿ ಮದುವೆಯಾಗಿ ಬಂದವಳು. ತಂದೆಗೆ ಸಿಕಂದರಾಬಾದಿನಲ್ಲಿ ರೈಲ್ವೆ ಕೆಲಸವಿದ್ದುದರಿಂದ ಕಾನ್ವೆಂಟಿನಲ್ಲಿ ಓದಿದ್ದೆ. ಅಲ್ಲಿನ ಕನ್ಯಾಸ್ತ್ರೀಯರನ್ನು ಮದರ್ ಎನ್ನುತ್ತಿದ್ದೆವು ಎಂದು ಒಮ್ಮೆ ಬಾಯಿತಪ್ಪಿ ಹೇಳಿದೆ. ಅಂದಿನಿಂದ ನನ್ನ ಹೆಸರು ಮದರಮ್ಮ ಆಯಿತು. "ಏ ಮದರಮ್ಮ, ಸಾರಿಗೆ ಇಂಗು ಹಾಕಿಯೋ, ಬರೇ ಪ್ರಾರ್ಥನಾ ಮಾಡಿ ಇಳಿಸಿಯೋ?" ಎಂದು ಹಿತ್ತಲಿಂದಲೇ ಕೇಳುತ್ತಿದ್ದರು.

ಆ ಕೈಯಿಂದ ಅವರಿಗಾದ ಕಷ್ಟ ನನಗೆ ಮೊದಲು ತಿಳಿದದ್ದು ಸೀರೆ ಒಣಹಾಕುವಾಗ. ಮಡಿ ಸೀರೆಯನ್ನು ಯಾರ ಮೈಗೂ ತಾಗದಂತೆ ಎತ್ತರಕ್ಕೆ ಕಟ್ಟಿದ ಬಿದಿರಿನ ಮೇಲೆ ಕೋಲಿನಿಂದ ಎತ್ತಿ ಹಾಕಬೇಕು. ಕಾಕು ಎಡಗೈಯಲ್ಲಿ ಕೋಲು ಹಿಡಿದು ಒದ್ದೆ ಸೀರೆಯನ್ನು ಎತ್ತಿದರು. ಬಿತ್ತು. ಮತ್ತೆ ಹಿಂಡಿ ಎತ್ತಿದರು. ಬಿತ್ತು. ಮೂರನೆಯ ಸಲ ಬಿದ್ದಾಗ ಅದರ ಅಂಚು ನನ್ನ ಕಾಲಿಗೆ ತಾಗಿತು, ಮಡಿ ಕೆಟ್ಟಿತು. ನಾನು ಮುಟ್ಟಿದರೆ ಕೆಡುತ್ತದೆ, ಮುಟ್ಟದಿದ್ದರೆ ಅವರಿಂದಾಗುವುದಿಲ್ಲ. ಕಾಕು ಸೀರೆಯನ್ನು ಮತ್ತೆ ನೆನೆಸಿ, ಆ ನೆನೆದ ಸೀರೆಯ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತರು. ಊಟಕ್ಕೂ ಹಾಗೆಯೇ, ಕೈ ಬಾಯಿಗೆ ಬರುತ್ತಿರಲಿಲ್ಲ, ಬಾಯಿ ಕೈಯ ಹತ್ತಿರ ಹೋಗುತ್ತಿತ್ತು. ಬಡಿಸುವ ಕೆಲಸವಂತೂ ನಿಂತೇ ಹೋಯಿತು. ಮೂವತ್ತು ವರ್ಷ ದೇವರ ನೈವೇದ್ಯ ಮಾಡಿ, ಪಂಕ್ತಿಗೆ ಬಡಿಸಿದವರು. ಎಡಗೈಯಿಂದ ಬಡಿಸಿದರೆ ಉಣ್ಣುವವರು ಯಾರು?

ಬಾವಿಕಟ್ಟೆಯ ಮೇಲೆ ಜಾರಿ ಬಿದ್ದರು ಎಂದೇ ನಾವೆಲ್ಲ ತಿಳಿದಿದ್ದೆವು. ದೇವದುರ್ಗದಿಂದ ಬಂದ ಸುದ್ದಿ ಅದೇ ಇತ್ತು. ಎರಡು ತಿಂಗಳಾದ ಮೇಲೆ ಒಂದು ದಿನ ಅಕ್ಕಿ ಆರಿಸುತ್ತ ಕೂತಾಗ ಕಾಕು ಮೊರವನ್ನು ಬದಿಗಿಟ್ಟು, "ನಾ ಬಾವಿ ಹತ್ರ ಹೋಗೇ ಇದ್ದಿಲ್ಲ, ತಂಗಿ," ಎಂದರು.

ನಡೆದದ್ದು ಇಷ್ಟು. ಅವರ ಗಂಡ ದೇವಸ್ಥಾನದ ಅರ್ಚಕರು. ಗಂಡ ಹೋದ ಮೇಲೆ ಪೂಜೆ, ಮನೆ ಎರಡೂ ಮೈದುನನ ಕೈಗೆ ಬಂದವು. ಅಡಿಗೆಮನೆ ಮಾತ್ರ ಕಾಕು ಅವರದೇ ಉಳಿದಿತ್ತು. ಮಾನವಿಯಲ್ಲಿದ್ದ ಅಣ್ಣನಿಗೆ ಕಾಯಿಲೆ ಹೆಚ್ಚಾಗಿ, ಅವನ ಆರೈಕೆಗೆಂದು ಒಂದು ತಿಂಗಳು ಹೋದರು. ಅಣ್ಣ ಉಳಿಯಲಿಲ್ಲ. ಹದಿಮೂರು ದಿನ ಮುಗಿಸಿ ತಿರುಗಿ ದೇವದುರ್ಗಕ್ಕೆ ಬಂದು ಬಾಗಿಲು ಬಡಿದರೆ, ಮೈದುನ ಒಳಗಿನಿಂದ, "ಇನ್ನ ಮಾನವಿಯೊಳಗ ಇರು ಅತ್ತಿಗಿ, ಇಲ್ಲಿ ನಿನ್ನದೇನೂ ಉಳಿದಿಲ್ಲ," ಎಂದ. ಕಾಕು ಅರೆ ತೆರೆದ ಬಾಗಿಲಲ್ಲಿ ಕೈ ತೂರಿಸಿದರು. ಅವನು ಒಳಗಿನಿಂದ ಮೈಭಾರ ಹಾಕಿ ಬಾಗಿಲನ್ನು ದೂಡಿದ. ಕೈ ಸಿಕ್ಕಿಕೊಂಡಿತು, ಅವರು ಹಿಂದಕ್ಕೆ ಬಿದ್ದರು, ಭುಜ ಕಿತ್ತು ಬಂತು. ನಡುಮಧ್ಯಾಹ್ನ, ಓಣಿಯಲ್ಲಿ ಯಾರೂ ಇರಲಿಲ್ಲ. ಮಂದಿ ಬರುವಷ್ಟರಲ್ಲಿ ಅವನು ಹೊರಗೆ ಬಂದು, "ಬಾವಿಕಟ್ಟಿಮ್ಯಾಲ ಜಾರಿದಳು, ಪಾಪ," ಎಂದು ಹೇಳಿ ಮುಗಿಸಿದ್ದ.

ಅವನು ವಯಸ್ಸಿನಲ್ಲಿ ಹಿರಿಯ, ಪುರಾಣ ಹೇಳುವವನು. ಅವನ ಬಗ್ಗೆ ಬಹುವಚನದಲ್ಲಿ ಬರೆಯಬೇಕು ಎಂದು ನನಗೆ ಗೊತ್ತು. ನನ್ನ ಕೈ ಬರೆಯುವುದಿಲ್ಲ.

ಮಟಮಾರಿಯ ಕಡೆಯಿಂದ ಎಲುಬು ಕಟ್ಟುವವನೊಬ್ಬ ಬಂದು ಭುಜ ಕೂಡಿಸಿದ. ಮೇಲೆ ಕೋಳಿ ತತ್ತಿಯ ಲೇಪ ಹಾಕಬೇಕು ಎಂದಾಗ ಕಾಕು, "ನನ್ನ ಕೈ ಹೋದರ ಹೋಗಲಿ, ಉದ್ದಿನ ಹಿಟ್ಟು ಕಲಸು," ಎಂದರಂತೆ. ಅವನು ನಕ್ಕು ಹಾಗೇ ಕಟ್ಟಿದ. ಎಲುಬು ಕೂಡಿತು, ಆದರೆ ಕಟ್ಟು ಬಿಚ್ಚುವಷ್ಟರಲ್ಲಿ ಭುಜ ಒಣಗಿದ ತೊಗಲಿನಂತೆ ಬಿಗಿದುಹೋಗಿತ್ತು. ನಾನೇ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೈ ಎತ್ತಿ ನೋಡಿ, "ಈ ಉಮರಿನಾಗ, ಇಷ್ಟು ವಯಸ್ಸಾದಮ್ಯಾಲ, ಇಷ್ಟೇ ಅಮ್ಮಾ. ಇದಕ್ಕಿಂತ ಮ್ಯಾಲ ಏರೂದಿಲ್ಲ," ಎಂದರು.

ಹೊರಗೆ ಬಂದ ಮೇಲೆ ಕಾಕು ಹೇಳಿದರು: "ಉಮರು ಕೈಗಷ್ಟೇ ಆಗೇದೇನು? ಬಾಯಿಗೂ ಅಷ್ಟೇ ಆಗೇದ. ಅದು ನಿಂತದೇನು?"

ಮಾತಿಗೇನೋ ಹೀಗೆ ಅಂದರು. ಆದರೂ ಆ ಚಳಿಗಾಲವೆಲ್ಲ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದರು. ಅವರನ್ನು ಎಬ್ಬಿಸಿದವನು ಅವರ ಮೈದುನನೇ.

ಪುರಾಣ ಹೇಳಲು ರಾಯಚೂರಿಗೆ ಬಂದವನನ್ನು ನಮ್ಮ ಅತ್ತೆ, ವಿಷಯ ಗೊತ್ತಿಲ್ಲದೆ, ಊಟಕ್ಕೆ ಕರೆದರು. ಹತ್ತು ಜನ ಪಂಕ್ತಿಯಲ್ಲಿ ಕೂತಿದ್ದರು. ಕಾಕು ಅಡಿಗೆಮನೆಯ ಬಾಗಿಲ ಹಿಂದೆ ಇದ್ದರು. ಅವನಿಗೆ ಅದು ಗೊತ್ತಿತ್ತು.

"ಎಷ್ಟು ಸಲ ಹೇಳಿದೆ ಅತ್ತಿಗಿಗೆ, ಕಟ್ಟಿಮ್ಯಾಲ ಪಾಚಿ ಅದ, ಹೋಗಬ್ಯಾಡ ಅಂತ," ಎಂದು ಸಾರನ್ನ ಕಲೆಸುತ್ತ ಹೇಳಿದ. "ವಯಸ್ಸಾದಮ್ಯಾಲ ಹೆಂಗಸರಿಗೆ ಕಾಲೂ ನಿಲ್ಲಂಗಿಲ್ಲ, ಬುದ್ಧೀನೂ ನಿಲ್ಲಂಗಿಲ್ಲ. ಈಗ ನೋಡ್ರಿ, ಒಂದು ಹುಳಿ ಬಡಿಸೋ ಭಾಗ್ಯಾನೂ ಇಲ್ಲ."

ಪಂಕ್ತಿಯವರು ಪಾಪ ಎಂದರು. ನಾನು ಕಾಕು ಅವರ ಮುಖ ನೋಡಿದೆ. ಅವರು ಕಿವಿಯ ಹಿಂದಿನ ತುಳಸಿ ಎಲೆ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯುತ್ತಿದ್ದರು.

ಅದೇ ಹೊತ್ತಿಗೆ ಗಿಲ್ಲೆಸುಗೂರಿನಿಂದ ಬೆಣ್ಣೆ ತರುವ ಕುರುಬರ ಹೆಂಗಸು ಹಿತ್ತಲಲ್ಲಿ ಕೂತಿದ್ದಳು. ಬಾಗಿಲ ಕಥೆಯನ್ನು ಕಾಕು ಅವಳಿಗೂ ಹೇಳಿದ್ದರು; ಈಗ ಪಂಕ್ತಿಯ ಮಾತನ್ನೂ ಕೇಳಿಸಿಕೊಂಡಿದ್ದಳು. "ಯವ್ವಾ, ಇವನೇ ಏನು ಕೈ ಮುರದಾಂವ?" ಎಂದಳು. ಕಾಕು ತಲೆಯಾಡಿಸಿದರು. "ನಮ್ಮಾಗಾದ್ರ ಹಿಂಗ ಬಿಡಂಗಿಲ್ಲಬೇ. ಅವನ ಬಾಗಲದಾಗಿನ ಮಣ್ಣ ಹಿಡಿದು, ಅವನ ಮುಂದ ನಿಂತು ಮ್ಯಾಲ ತೂರತೀವಿ. ಮನೀನ ಮಣ್ಣಾಗಿ ಹೋಕ್ಕತಿ."

"ಯಾವ ಕೈಲೆ?" ಎಂದರು ಕಾಕು.

"ಬಲಗೈಲೆ. ಎಡಗೈಲೆ ತೂರಿದ್ರ ತೂರಿದಾಕಿಗೇ ತಿರುಗತೈತಿ. ಮತ್ತ ಅವನ ತಲಿ ದಾಟಿ ಹೋಗಬೇಕು. ಕೆಳಗ ಚೆಲ್ಲಿದ್ರ ಕಸ ಚೆಲ್ಲಿದಂಗ."

ಅವಳು ಹೋದ ಮೇಲೆ ಕಾಕು ಗೋಡೆಯ ಪಕ್ಕ ಒಂದು ಮಣೆ ಹಾಕಿಸಿ, ಅದರ ಮೇಲೆ ಹತ್ತಿ, ಎಡಗೈಯಿಂದ ಆ ಕೆಮ್ಮಣ್ಣಿನ ಗೆರೆ ಎಳೆದರು. ದೇವದುರ್ಗದ ಅವರ ಮನೆಯ ಬಾಗಿಲು ಹಳೆಯ ಕಾಲದ್ದು, ಮೈದುನನ ತಲೆಗಿಂತ ಗೇಣು ಎತ್ತರ. ಅದರ ಮೇಲುಪಟ್ಟಿಯ ಎತ್ತರ ಅವರಿಗೆ ಬಾಯಿಪಾಠವಿತ್ತು.

"ಕಾಕು, ಇದು ನಮ್ಮಂಥವರು ಮಾಡೋದಲ್ರಿ," ಎಂದೆ.

"ಮಂತ್ರ ಎಲ್ಲಾ ಅವನ ಕಡೆ ಅವ. ಮಣ್ಣರೆ ನನ್ನ ಕಡೆ ಇರಲಿ."

ಮರುದಿನದಿಂದ ಶುರುವಾಯಿತು. ಯಾರೂ ಹೇಳಿಕೊಟ್ಟದ್ದಲ್ಲ. ಮೊದಲು ಮುಂದಕ್ಕೆ ಬಾಗಿ, ಎಡಗೈಯಿಂದ ಗೋಡೆ ಹಿಡಿದು, ಬಲಗೈಯಲ್ಲಿ ತಾಮ್ರದ ಖಾಲಿ ಚೊಂಬು ಹಿಡಿದು ಗಂಟೆಯ ನಾಲಿಗೆಯಂತೆ ತೂಗುವುದು. ಹದಿನೈದು ದಿನದ ಮೇಲೆ ಚೊಂಬಿನಲ್ಲಿ ಒಂದು ಗುಟುಕು ನೀರು, ಆಮೇಲೆ ಎರಡು. ನಂತರ ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ಮೇಲೆ ನಡೆಸುವುದು. ಎಲ್ಲಿ ನಿಂತಿತೋ ಅಲ್ಲಿ ನಾನು ಇದ್ದಿಲಿನಿಂದ ಗೆರೆ ಎಳೆಯಬೇಕು. ಕಡೆಗೆ ಬಾವಿಯ ರಾಟಿ. ಹಗ್ಗದ ಒಂದು ತುದಿಯನ್ನು ಬಲಗೈಗೆ ಸುತ್ತಿಕೊಂಡು, ಇನ್ನೊಂದು ತುದಿಯನ್ನು ಎಡಗೈಯಿಂದ ಕೆಳಗೆಳೆಯುವರು; ಕೊಡ ಮೇಲೆ ಬರುವ ಹಾಗೆ ಬಲಗೈ ಮೇಲೆ ಬರುತ್ತಿತ್ತು. ನೀರು ಸೇದಲು ಬಂದವರು, "ಕಾಕು, ಏನು ಸೇದ್ಲಿಕ್ಕತ್ತೀರಿ?" ಎಂದರೆ, "ನನ್ನ ಕೈ ಬಾವ್ಯಾಗ ಬಿದ್ದಿತ್ತಂತ. ತಗೀಲಿಕ್ಕತ್ತೀನಿ," ಎನ್ನುವರು.

ನಾನು ಕಾನ್ವೆಂಟಿನಲ್ಲಿ ಕಲಿತದ್ದನ್ನು ಅವರಿಗೂ ಕಲಿಸಲು ನೋಡಿದೆ. ಸಿಟ್ಟು ಬಂದಾಗ ನೂರರ ತನಕ ಎಣಿಸಬೇಕು, ಅಷ್ಟರಲ್ಲಿ ಇಳಿಯುತ್ತದೆ ಎಂದು ನಮ್ಮ ಮದರ್ ಹೇಳುತ್ತಿದ್ದರು ಎಂದೆ.

"ಎಣಿಸು ಹಂಗಾರ," ಎಂದರು ಕಾಕು, ಹಗ್ಗ ಎಳೆಯುತ್ತ.

ನಾನು ಎಣಿಸಿದೆ. ನೂರು ಎಂದಾಗ ಅವರು ಹಣೆಯ ಬೆವರು ಒರೆಸಿಕೊಂಡು, "ಸಿಟ್ಟು ಎಲ್ಲಿತ್ತೋ ಅಲ್ಲೇ ಅದ. ಕೈ ಮಾತ್ರ ಒಂದು ಬಟ್ಟು ಮ್ಯಾಲ ಬಂತು. ನಿಮ್ಮ ಆ ಮದರ್ ಶ್ಯಾಣ್ಯಾಕಿ. ನಾಳಿಗೂ ಎಣಿಸು," ಎಂದರು.

ಹಾಗೆ ನಾನು ದಿನಾ ಬೆಳಿಗ್ಗೆ ಮಡಿಯಿಂದ ಮಾರು ದೂರ ನಿಂತು ನೂರು ಎಣಿಸುವವಳಾದೆ.

ನೋವಿನ ಬಗ್ಗೆ ಅವರದೊಂದು ಮಾತಿತ್ತು. "ನೋವಿನ್ಯಾಗ ಎರಡು ಥರ ಅವ. ಬೈಯೋ ನೋವು, ಕಚ್ಚೋ ನೋವು. ಬೈದ್ರ ಬೈಲಿ ಅಂತ ಮುಂದ ಹೋಗಬೇಕು. ಕಚ್ಚಿದ್ರ ನಿಲ್ಲಬೇಕು." ಇದನ್ನು ಕಲಿತದ್ದು ಸುಮ್ಮನಲ್ಲ. ಭುಜದ ಎತ್ತರದ ಗೆರೆಯಲ್ಲಿ ಕೈ ಎರಡು ತಿಂಗಳು ನಿಂತುಬಿಟ್ಟಿತು. ಬೇಸತ್ತ ಕಾಕು ಒಂದು ದಿನ ಹಗ್ಗವನ್ನು ಜೋರಾಗಿ ಜಗ್ಗಿದರು. ಭುಜದಲ್ಲಿ ಸದ್ದಾಯಿತು. ಅವರು ಬಾವಿಕಟ್ಟೆಗೆ ಹಣೆ ಹಚ್ಚಿ ನಿಂತರು. ಎಂಟು ದಿನ ಭುಜ ಬಾತಿತ್ತು. ಹರಳೆಣ್ಣೆ ಬಿಸಿ ಮಾಡಿ ಅವರ ಮುಂದಿಟ್ಟೆ. "ಅವಾ ಒಮ್ಮೆ ಮುರದ, ನಾ ಒಮ್ಮೆ ಮುರಕೊಂಡೆ. ಇನ್ನ ಅವಸರ ಮಾಡಂಗಿಲ್ಲ. ಅವಾ ಎಲ್ಲಿ ಹೋಗತಾನ, ದೇವದುರ್ಗದಾಗೇ ಇರತಾನ," ಎಂದರು. ಒಂಬತ್ತನೆಯ ದಿನ ಮತ್ತೆ ಖಾಲಿ ಚೊಂಬಿನಿಂದ ಮೊದಲು ಮಾಡಿದರು.

ಶ್ರಾವಣ ಬರುವಷ್ಟರಲ್ಲಿ ಒಂದು ಬೆಳಿಗ್ಗೆ ಕೆಂಪು ಸೀರೆ ಬಿದಿರಿನ ಮೇಲೆ ಸುಕ್ಕಿಲ್ಲದೆ ಹರಡಿತ್ತು. ಬಲಗೈಯ ಕೆಲಸ. ನನ್ನ ಕಣ್ಣು ತುಂಬಿತು. "ಇನ್ನ ಸಾಕಲ್ರಿ ಕಾಕು? ಸೀರಿ ಹಾಕತೀರಿ, ಬಡಸತೀರಿ. ಬಿಟ್ಟುಬಿಡ್ರಿ ಅವನ್ನ," ಎಂದೆ.

"ನಿಮ್ಮ ಆ ಮದರ್ ಕೈ ಬಾಗಲದಾಗ ಸಿಕ್ಕಿತ್ತೇನು?" ಎಂದರು, ತಿರುಗಿ ನೋಡದೆ.

ಅವರ ಬೆರಳು ಕೆಮ್ಮಣ್ಣಿನ ಗೆರೆ ಮುಟ್ಟಿದ್ದು ಮುಂದಿನ ಕಾರ್ತಿಕದಲ್ಲಿ. ಆ ವಾರವೇ ನಾವಿಬ್ಬರೂ ದೇವದುರ್ಗಕ್ಕೆ ಹೊರಟೆವು. ದೇವರ ದರ್ಶನಕ್ಕೆ ಎಂದು ಮನೆಯಲ್ಲಿ ಹೇಳಿದೆ. ಪೆಟ್ರೋಲು ಸಿಗದ ದಿನಗಳು. ಬಸ್ಸು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿತ್ತು. ದಿಬ್ಬದಲ್ಲಿ ಅದು ಏದುಸಿರು ಬಿಟ್ಟಾಗ ಕಾಕು, "ಇದೂ ನನ್ನಂಗ, ಇದ್ದಿಲಿಂದ ಮ್ಯಾಲ ಏರತದ," ಎಂದು ನಕ್ಕರು.

ಅವನು ಕಟ್ಟೆಯ ಮೇಲೆ ಪಂಚಾಂಗ ಬಿಚ್ಚಿಕೊಂಡು ಯಾರಿಗೋ ಮುಹೂರ್ತ ಹೇಳುತ್ತಿದ್ದ. ಸುತ್ತ ಆರೇಳು ಮಂದಿ ಇದ್ದರು. ಕಾಕು ಯಾರನ್ನೂ ಮಾತಾಡಿಸದೆ ಹೊಸ್ತಿಲ ಮುಂದೆ ಬಗ್ಗಿ ಬಲಗೈಯಲ್ಲಿ ಒಂದು ಹಿಡಿ ಮಣ್ಣು ತೆಗೆದುಕೊಂಡು ನೆಟ್ಟಗೆ ನಿಂತರು. ಆಮೇಲೆ ಕೈ ಏರತೊಡಗಿತು. ಅದರ ಒಂದೊಂದು ಗೆರೆಯೂ ನನಗೆ ಗೊತ್ತಿತ್ತು. ಭುಜದ ಮಟ್ಟಕ್ಕೆ ಬಂದಾಗ ಕ್ಷಣ ತಡೆಯಿತು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಕಿವಿ ದಾಟಿತು, ತಲೆ ದಾಟಿತು, ಬಾಗಿಲ ಮೇಲುಪಟ್ಟಿಗೆ ಸರಿಸಮವಾಗಿ ನಿಂತಿತು.

ಪಂಚಾಂಗ ಅವನ ಕೈಯಿಂದ ಜಾರಿತು. "ಅತ್ತಿಗಿ, ಏನಿದು? ಮಂದಿ ನೋಡ್ಲಿಕ್ಕತ್ತಾರ."

"ನೋಡಲಿ ಅಂತನ ಬಂದೀನಿ. ನಾ ಎಲ್ಲೆ ಬಿದ್ದೆ, ಹೇಳು."

"ಬಾವಿ..."

ಮುಷ್ಟಿಯ ಸಂದಿನಿಂದ ಸ್ವಲ್ಪ ಮಣ್ಣು ಉದುರಿತು. ಅವನು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ.

"ಬಾಗಲದಾಗ," ಎಂದ. "ಬಾಗಲದಾಗ ಬಿದ್ದಿ."

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು.

"ಹ್ಯಾಂಗ ಬಿದ್ದೆ?"

"ಬಾಗಲಾ... ಮುಚ್ಚಿಕೊಂತು."

"ತಾನೇ?"

ಅವನು ಬಾಗಿಲ ಕಡೆ ನೋಡಿದ.

"ನೀ ವ್ಯಾಕರಣ ಓದಿದಾಂವ. ನಾ ಓದಿಲ್ಲ. ಮುಚ್ಚಿಕೊಂತು ಅಂತಿಯೋ, ನಾ ಮುಚ್ಚಿದೆ ಅಂತಿಯೋ?"

ಅವನು ಸುತ್ತಲಿನ ಮಂದಿಯನ್ನು ನೋಡಿದ. "ಮುಚ್ಚಿಕೊಂತು," ಎಂದ.

ಕಾಕು ಕೈ ಇಳಿಸಿದರು. ಮಣ್ಣನ್ನು ಸೆರಗಿನ ತುದಿಗೆ ಹಾಕಿ ಗಂಟು ಬಿಗಿದರು. "ಹೇಳಿದೆನಲ್ಲ ಅತ್ತಿಗಿ, ಅದನ್ನ ಇಲ್ಲೇ ಚೆಲ್ಲಿ ಹೋಗು," ಎಂದು ಅವನು ಕಟ್ಟೆ ಇಳಿದು ಬಂದ. "ಅರ್ಧಾ ಹೇಳಿದಿ," ಎಂದರು ಕಾಕು. "ಉಳಿದರ್ಧ ಹೇಳಿದ ದಿನ ಚೆಲ್ಲತೀನಿ. ಕೈ ಎಲ್ಲಿತನಕ ಏರತದ ನೋಡಿದಿಯಲ್ಲ."

ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದೆ, ಯಾಕೆ ತೂರಲಿಲ್ಲ ಎಂದು. "ತೂರಿದರ ಗಾಳಿಗೆ ಹೋತು. ಅವಗೂ ಮುಗೀತು, ನನಗೂ ಮುಗೀತು. ಗಂಟಿನ್ಯಾಗ ಇದ್ದರ ಅವನ ಹೊಟ್ಟ್ಯಾಗ ಇದ್ದಂಗ," ಎಂದರು.

ಹಾಗೆಯೇ ಆಯಿತು. ಅವನು ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟ. ಹಲ್ಲುನೋವು ಬಂದರೂ, ಆಕಳು ಹಾಲು ಕೊಡದಿದ್ದರೂ ಆ ಮಣ್ಣಿನ ನೆನಪು. ಮಾನವಿಯಲ್ಲಿ ಕಾಕು ಅವರ ಅಣ್ಣನ ಶ್ರಾದ್ಧ ಮರುವರ್ಷ ಬಂದಾಗ, ಪಿತೃಗಳ ಪರವಾಗಿ ಉಣ್ಣುವ ಬ್ರಾಹ್ಮಣಾರ್ಥಕ್ಕೆ ಕೂರ್ರಿ ಎಂದು ಅವನಿಗೇ ಅಣ್ಣನ ಮಗನಿಂದ ಹೇಳಿ ಕಳಿಸಿದವರು ಕಾಕು ಅವರೇ. ಬರುವುದಿಲ್ಲ ಎಂದರೆ ಹೆದರಿದ ಎಂದಾಗುತ್ತದೆ, ಬಂದ. ಶ್ರಾದ್ಧದ ಎಲೆಗೆ ಕೂತ ಬ್ರಾಹ್ಮಣ ಊಟ ಮುಗಿಯದೆ ಏಳುವಂತಿಲ್ಲ. ಬಡಿಸಲು ಬಂದವರು ಕಾಕು. ತುಪ್ಪದ ಗಿಂಡಿಯನ್ನು ಬಲಗೈಯಲ್ಲಿ ತಲೆಗಿಂತ ಮೇಲೆ ಎತ್ತಿ, ಅಲ್ಲಿಂದ ದಾರದಂತೆ ತೆಳ್ಳಗೆ ಅವನ ಅನ್ನದ ಮೇಲೆ ಬಿಟ್ಟರು. ಒಂದು ಹನಿಯೂ ಎಲೆಯ ಹೊರಗೆ ಬೀಳಲಿಲ್ಲ. ಅವನು ಎಲೆಯನ್ನು ನೋಡಲಿಲ್ಲ, ಮೇಲಿನ ಕೈಯನ್ನೇ ನೋಡುತ್ತಿದ್ದ. ಆಮೇಲೆ ಪ್ರತಿ ತುತ್ತನ್ನೂ ಬೆರಳಿನಿಂದ ಕೆದಕಿ ಕೆದಕಿ ಉಂಡ.

"ಪಾಯಸ ಇನ್ನೊಂದಿಷ್ಟು ಹಾಕಲೇನು?" ಎಂದರು ಕಾಕು. "ಮೂವತ್ತು ವರ್ಷ ನನ್ನ ಕೈಲೇ ಉಂಡೀಯಲ್ಲ."

ದ್ವೇಷ ಇಟ್ಟುಕೊಂಡವರನ್ನು ಆ ದ್ವೇಷವೇ ತಿನ್ನುತ್ತದೆ ಎಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು. ಕಾಕು ಅವರನ್ನು ಅದು ತಿಂದದ್ದನ್ನು ನಾನು ಕಾಣೆ. ಅವರನ್ನು ಬೆಳಿಗ್ಗೆ ಎಬ್ಬಿಸುತ್ತಿತ್ತು, ನೂರು ಸಲ ಹಗ್ಗ ಎಳೆಸುತ್ತಿತ್ತು, ಹಸಿವು ತರುತ್ತಿತ್ತು. ಕಡೆಯ ವರ್ಷದವರೆಗೂ ರಾಟಿ ಬಿಡಲಿಲ್ಲ. "ಬಿಟ್ಟರ ತುಕ್ಕು ಹಿಡೀತದ. ಅವಗ ಸುದ್ದಿ ಹೋದರ?" ಎನ್ನುತ್ತಿದ್ದರು.

ಜ್ವರ ಬಂದು ಮಲಗಿದ್ದು ಹತ್ತೇ ದಿನ. ಒಂದು ಮಧ್ಯಾಹ್ನ ನನ್ನನ್ನು ಕರೆದು ಸೆರಗಿನ ಗಂಟು ಬಿಚ್ಚಿಸಿದರು. ಹಳೆಯ ಸೀರೆಯಿಂದ ಹೊಸ ಸೀರೆಗೆ ಗಂಟು ಬದಲಾಗುತ್ತ ಬಂದು, ಹಿಡಿ ಮಣ್ಣು ಚಿಟಿಕೆಗಿಂತ ಸ್ವಲ್ಪ ಹೆಚ್ಚು ಉಳಿದಿತ್ತು. "ತುಳಸಿ ಬುಡಕ್ಕ ಹಾಕವಾ ಮದರಮ್ಮ. ಹೋಗೋರ ಕೈಯಾಗ ಏನೂ ಇರಬಾರದು," ಎಂದರು. ಹಾಕಿ ಬಂದೆ. ಮರುದಿನ ಬೆಳಿಗ್ಗೆ ಹೋದರು. ಬಲಗೈ ಬಿಚ್ಚಿತ್ತು.

ಹದಿಮೂರನೆಯ ದಿನದ ಊಟಕ್ಕೆ ಅವನು ದೇವದುರ್ಗದಿಂದ ಬಂದ. ಬಹಳ ಇಳಿದುಹೋಗಿದ್ದ. ಎಲ್ಲರೂ ಎದ್ದ ಮೇಲೆ ಹಿತ್ತಲಿಗೆ ಬಂದು ನಿಂತ. ನಾನು ತುಳಸಿಗೆ ನೀರು ಹಾಕುತ್ತಿದ್ದೆ.

"ತಂಗಿ, ಆ ಮಣ್ಣು ಏನಾತು? ಹೋಗೋ ಮುಂದ ಚೆಲ್ಲಿ ಹೋದಳೇನು?"

"ಆ ದಿನ ಬಾಗಲಾ ಏನಾತ್ರಿ?" ಎಂದೆ.

ಅವನು ಗೋಡೆಯ ಮೇಲಿನ ಗೆರೆಗಳನ್ನು ಕೆಳಗಿನಿಂದ ಮೇಲಿನ ತನಕ ನೋಡಿದ. "ಮುಚ್ಚಿಕೊಂತು, ತಂಗಿ," ಎಂದ.

ತುಳಸಿಯ ಬುಡದಲ್ಲಿ ದೇವದುರ್ಗದ ಮಣ್ಣು ನಮ್ಮ ಮಣ್ಣಿನೊಡನೆ ಬೆರೆತು ನೀರು ಕುಡಿಯುತ್ತಿತ್ತು. ಸುಳ್ಳು ಹೇಳಬಾರದು ಎಂದು ನನಗೆ ಕಲಿಸಿದ್ದಾರೆ. ಸಿಟ್ಟು ಬಂದಾಗ ನೂರರ ತನಕ ಎಣಿಸಬೇಕು ಎಂದೂ ಕಲಿಸಿದ್ದಾರೆ. ಎಣಿಸಿದೆ, ಒಂದೂ ಬಿಡದೆ. ಅವನು ಕಾದು ನಿಂತಿದ್ದ.

"ನನ್ನ ಹತ್ರ ಅದರೀ," ಎಂದೆ. "ಕೈಯಾಗ ಕೊಟ್ಟು ಹೋಗ್ಯಾರ."

ತಂಬಿಗೆಯನ್ನು ಎಡಗೈಗೆ ಬದಲಿಸಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳಲು ಬಲಗೈ ಎತ್ತಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.